ಕೊಳ್ಳುವ ಮೊದಲು ನೆಲದಡಿ ನೋಡಿ: ಜಾಗದ ಮಾಲಿನ್ಯ ಮತ್ತು ಹೊಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಾಗ ಕೊಳ್ಳುವವರಿಗೆ ಮತ್ತು ಹಳೆಯ ಷೆಡ್ ಹಿಡಿಯುವವರಿಗೆ ಮಣ್ಣು, ನೀರಿನ ಪರಿಶೀಲನೆ ಮಾಡಿಕೊಡುವುದು ನನ್ನ ಕೆಲಸ. ದೂರವಾಣಿಯಲ್ಲಿ, ಪತ್ರಗಳಲ್ಲಿ, ಸಭೆ ಮುಗಿದ ಮೇಲೆ ಕಾಫಿ ಕುಡಿಯುವಾಗ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಅವರು ಕೇಳಿದ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಕಾನೂನಿನ ವಿಷಯ ಬಂದಲ್ಲಿ ನಿಮ್ಮ ಪ್ರಕರಣದ ಕಾಗದಗಳನ್ನು ವಕೀಲರ ಮುಂದಿಟ್ಟು ಕೇಳಲೇಬೇಕು.

## ಮೊದಲ ಮಾತು

ಮೂವತ್ತು ವರ್ಷದ ಇಸಿ ತೆಗೆಸಿದ್ದೇವೆ, ವಕೀಲರು ಎಲ್ಲ ಸರಿ ಇದೆ ಎಂದಿದ್ದಾರೆ. ಮಣ್ಣನ್ನೂ ಯಾಕೆ ನೋಡಬೇಕು?

ವಕೀಲರು ನೋಡಿದ್ದು ಜಾಗ ಯಾರದು ಎಂಬುದನ್ನು. ಆ ಜಾಗದಲ್ಲಿ ಏನು ನಡೆದಿತ್ತು ಎಂಬುದು ಋಣಭಾರ ಪತ್ರದಲ್ಲಿ, ಅಂದರೆ ಇಸಿಯಲ್ಲಿ, ಬರುವುದಿಲ್ಲ. ಅಡಮಾನ ಇದ್ದರೆ ಅಲ್ಲಿ ಕಾಣುತ್ತದೆ, ನೆಲದಲ್ಲಿ ಹೂತ ಸೀಸ ಕಾಣುವುದಿಲ್ಲ. ಸಾಲ ಕೊಡುವ ಬ್ಯಾಂಕಿನ ಪರಿಶೀಲನೆಯೂ ಸಾಮಾನ್ಯವಾಗಿ ಹಕ್ಕು ಮತ್ತು ಮೌಲ್ಯಕ್ಕೆ ನಿಲ್ಲುತ್ತದೆ. ಹೀಗೆ ನಾಲ್ಕು ಜನ ನಾಲ್ಕು ಕಡೆಯಿಂದ ನೋಡಿದರೂ ಮಣ್ಣನ್ನು ಯಾರೂ ನೋಡಿರುವುದಿಲ್ಲ.

ಆದ್ದರಿಂದಲೇ ಬಂದವರಿಗೆಲ್ಲ ನಾನು ಹೇಳುವುದು ಒಂದೇ: ಹಕ್ಕಿನ ಮೂಲವನ್ನು ಹಿಂದಕ್ಕೆ ಓದಿದ ಹಾಗೆ ಬಳಕೆಯ ಮೂಲವನ್ನೂ ಹಿಂದಕ್ಕೆ ಓದಿ. ಅದೂ ಮುಂಗಡ ಕೊಡುವ ಮೊದಲು. ಮುಂಗಡ ಕೈಬಿಟ್ಟ ಮೇಲೆ ಮನಸ್ಸು ತಾನಾಗಿ ಒಳ್ಳೆಯದನ್ನೇ ನಂಬಲು ಶುರುಮಾಡುತ್ತದೆ. ಇದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

ನಾನು ಕೊಳ್ಳುತ್ತಿರುವುದು ಮೂವತ್ತು–ನಲವತ್ತರ ಒಂದು ಸೈಟು. ಇದಕ್ಕೂ ಇಷ್ಟೆಲ್ಲ ಬೇಕೇ?

ಕೊರೆದು ಪರೀಕ್ಷೆ ಮಾಡಿಸುವಷ್ಟು ಬಹುತೇಕ ಬೇಕಾಗುವುದಿಲ್ಲ. ಹಳೆಯ ಉಪಗ್ರಹ ಚಿತ್ರ ನೋಡುವುದು, ಊರಿನ ಹಿರಿಯರನ್ನು ಮಾತನಾಡಿಸುವುದು, ಕೊಳವೆಬಾವಿಯ ನೀರನ್ನು ಒಮ್ಮೆ ಸರಿಯಾಗಿ ಪರೀಕ್ಷಿಸುವುದು: ಇಷ್ಟು ಎರಡು ವಾರದ ಕೆಲಸ.

ಸಣ್ಣ ಸೈಟುಗಳಲ್ಲಿ ನನಗೆ ಹೆಚ್ಚು ಭಯ ಇರುವುದು ತುಂಬಿಸಿದ ನೆಲದ ಬಗ್ಗೆ. ಬೆಂಗಳೂರಿನ ಕಸ ಹಲವು ವರ್ಷಗಳಿಂದ ಹೊರವಲಯದ ಕಲ್ಲುಕ್ವಾರಿಗಳಿಗೆ ಹೋಗಿದೆ. ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯ ಹೆಸರು ಎಲ್ಲರೂ ಕೇಳಿದ್ದಾರೆ. ಹೆಸರಿಲ್ಲದ ಸಣ್ಣ ಗುಂಡಿಗಳನ್ನು ರಾತ್ರೋರಾತ್ರಿ ತುಂಬಿದ ಟ್ರಾಕ್ಟರುಗಳ ಲೆಕ್ಕ ಇಟ್ಟವರಿಲ್ಲ. ಮೇಲೆ ನಾಲ್ಕು ಅಡಿ ಕೆಂಪುಮಣ್ಣು ಹರಡಿದರೆ ಕಲ್ಲು ನೆಡಲು ಸಿದ್ಧ. ಒಳಗಿನ ಕಸ ಕೊಳೆಯುತ್ತ ಕುಸಿಯುತ್ತದೆ, ಗೋಡೆ ಬಿರುಕು ಬಿಡುತ್ತದೆ, ಮೀಥೇನ್ ಅನಿಲ ಸಂಪಿನಲ್ಲೂ ಚರಂಡಿಯಲ್ಲೂ ಸೇರಿಕೊಳ್ಳುತ್ತದೆ. ಜೀವಮಾನದ ಉಳಿತಾಯವನ್ನೆಲ್ಲ ಹಾಕಿ ಕಟ್ಟಿದ ಮನೆಗೆ ಹೀಗಾದಾಗ ಆ ಕುಟುಂಬಕ್ಕೆ ಬೇರೆ ಮನೆ ಇರುವುದಿಲ್ಲ.

ಯಾವ ತರಹದ ಜಾಗ ಕಂಡರೆ ಎಚ್ಚರ ವಹಿಸಬೇಕು?

ದೊಡ್ಡ ಕಾರ್ಖಾನೆ ಎಂದರೆ ಅಪಾಯ, ಸಣ್ಣದೆಂದರೆ ಕ್ಷೇಮ ಎಂಬ ಲೆಕ್ಕ ತಪ್ಪು. ಎರಡು ಕೋಣೆಯ ಷೆಡ್ಡಿನಲ್ಲಿ ಹದಿನೈದು ವರ್ಷ ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ ಹರಿಸಿ ಲೋಹದ ಲೇಪ ಕೊಡುವ ಕೆಲಸ) ನಡೆದಿದ್ದರೆ ಆ ನೆಲ ಕ್ರೋಮಿಯಂ, ನಿಕಲ್, ಸೈನೈಡ್ ಕುಡಿದಿರಬಹುದು. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸಿದ ಜಾಗ ಇನ್ನೂ ಕೆಟ್ಟದ್ದು. ಸೀಸ ಮೇಲ್ಮಣ್ಣಿನಲ್ಲೇ ಉಳಿಯುತ್ತದೆ, ಅಂಗಳದಲ್ಲಿ ಆಡುವ ಮಗುವಿನ ಕೈಗೆ ಹತ್ತುತ್ತದೆ, ಕೈಯಿಂದ ಬಾಯಿಗೆ ಹೋಗುತ್ತದೆ. ಬಟ್ಟೆಗೆ ಬಣ್ಣ ಹಾಕುವ ಘಟಕ, ಪೆಟ್ರೋಲ್ ಬಂಕ್, ಲಾರಿ ಗ್ಯಾರೇಜು, ಗುಜರಿ ಅಂಗಡಿ, ಕೀಟನಾಶಕ ಗೋದಾಮು, ಟ್ರಾನ್ಸ್‌ಫಾರ್ಮರ್ ದುರಸ್ತಿ ಅಂಗಳ, ಔಷಧ ತಯಾರಿಕಾ ಘಟಕ ಇವು ನನ್ನ ಪಟ್ಟಿಯಲ್ಲಿ ಯಾವಾಗಲೂ ಮೇಲಿವೆ.

ಪ್ರದೇಶವನ್ನೂ ನೋಡಬೇಕು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಕೊಟ್ಟಾಗ ಕರ್ನಾಟಕದಿಂದ ಮಂಗಳೂರು ಮತ್ತು ಭದ್ರಾವತಿ ಅತಿ ಗಂಭೀರ ವರ್ಗದಲ್ಲಿದ್ದವು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಇರುವುದು ಅಧಿಕೃತ ಅಧ್ಯಯನಗಳಲ್ಲಿ ಪದೇ ಪದೇ ದಾಖಲಾಗಿದೆ.

ನಾವು ಕೊಳ್ಳುವುದು ಹೊಲ, ತೋಟ. ಅಲ್ಲಿ ಇಂಥ ಭಯ ಇಲ್ಲ ತಾನೆ?

ಕಡಿಮೆ, ಆದರೆ ಇದೆ. ಕೊಳೆರೋಗಕ್ಕೆ ವರ್ಷವರ್ಷವೂ ಬೋರ್ಡೋ ದ್ರಾವಣ ಹೊಡೆದ ಅಡಿಕೆ ತೋಟದ ಮಣ್ಣಿನಲ್ಲಿ ತಾಮ್ರ ಕೂಡುತ್ತ ಬರುತ್ತದೆ, ಆ ದ್ರಾವಣಕ್ಕೆ ಮೈಲುತುತ್ತು (ತಾಮ್ರದ ಸಲ್ಫೇಟ್) ಕದಡುತ್ತಿದ್ದ ತೊಟ್ಟಿಯ ಸುತ್ತ ಇನ್ನೂ ಹೆಚ್ಚು. ಔಷಧಿ ದಾಸ್ತಾನು ಇಟ್ಟಿದ್ದ ಕೋಣೆಯ ನೆಲವನ್ನು ಬಿಡದೆ ನೋಡಿ.

ನೀರು ಎಲ್ಲಿಂದ ಬರುತ್ತದೆ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ. ಬಿಡದಿ ಬಳಿಯ ಬೈರಮಂಗಲ ಜಲಾಶಯಕ್ಕೆ ವೃಷಭಾವತಿ ಹೊತ್ತು ತರುವುದು ಬೆಂಗಳೂರಿನ ಕೊಳಚೆ ಮತ್ತು ಕೈಗಾರಿಕೆಗಳ ನೀರು. ಆ ನೀರು ಹರಿದ ಗದ್ದೆ ದಶಕಗಳಿಂದ ಅದನ್ನೇ ಉಂಡಿದೆ. ಪಹಣಿಯಲ್ಲಿ ಅದು ನೀರಾವರಿ ಜಮೀನು, ಅಷ್ಟೇ.

## ಕಾಗದ ಮತ್ತು ಕಾಲ್ನಡಿಗೆ

ಜಾಗದ ಹಳೆಯ ಕಥೆ ಎಲ್ಲಿ ಸಿಗುತ್ತದೆ?

ಒಂದೇ ಕಡೆ ಸಿಗುವುದಿಲ್ಲ, ಕೂಡಿಸಬೇಕು. ಪಹಣಿಯಿಂದ ಶುರುಮಾಡಿ. ಬೆಳೆಯ ವಿವರದಲ್ಲಿ ರಾಗಿ, ಹುರುಳಿ ಎಂದು ಬರುತ್ತಿದ್ದದ್ದು ಯಾವ ವರ್ಷದಿಂದ ಬೀಳು ಎಂದಾಯಿತು? ಆ ವರ್ಷವನ್ನು ಗುರುತಿಟ್ಟುಕೊಳ್ಳಿ. ಭೂಪರಿವರ್ತನೆ ಆಗಿದ್ದರೆ ಆದೇಶದ ಪ್ರತಿಯಲ್ಲಿ ಯಾವ ಉದ್ದೇಶಕ್ಕೆ ಎಂದು ಬರೆದಿರುತ್ತದೆ. ಕೈಗಾರಿಕೆಗೆಂದು ಪರಿವರ್ತನೆಯಾಗಿ ಮತ್ತೆ ವಸತಿಗೆ ಬದಲಾದ ಜಾಗ ಎಂದರೆ ನಡುವಿನ ವರ್ಷಗಳ ಬಗ್ಗೆ ಕೇಳಲೇಬೇಕು. ಹಳೆಯ ಕ್ರಯಪತ್ರಗಳಲ್ಲಿ ವಕೀಲರು ಹೆಸರು ಮತ್ತು ವಿಸ್ತೀರ್ಣ ಓದುತ್ತಾರೆ, ನೀವು ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿಯ ವಿವರ, ಓದಿ. "ಪೂರ್ವಕ್ಕೆ ಇಂಥವರ ಪ್ಲೇಟಿಂಗ್ ಷೆಡ್" ಎಂಬ ಒಂದು ಸಾಲು ಸಾಕು.

ಗ್ರಾಮ ನಕ್ಷೆಯಲ್ಲಿ ಹಳ್ಳ, ಕೆರೆ, ಗುಂಡಿ ಎಲ್ಲಿತ್ತೆಂದು ನೋಡಿ, ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರನ್ನು ಇಂದಿನ ನೆಲದ ಮೇಲೆ ಕೂರಿಸಿ ಹೋಲಿಸಿ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಬಹುದು. ಒಂದು ವರ್ಷ ಕಪ್ಪು ಗುಂಡಿ, ಮೂರು ವರ್ಷದ ಬಳಿಕ ಸಮತಟ್ಟಾದ ಕೆಂಪು ನೆಲ ಕಂಡರೆ ಅಲ್ಲಿ ಏನೋ ತುಂಬಿದ್ದಾರೆ ಎಂದೇ ಅರ್ಥ.

ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆಯನ್ನು ಜನ ಮರೆಯುತ್ತಾರೆ. ಹಳೆಯ ಬಿಲ್ಲಿನಲ್ಲಿ ಕೈಗಾರಿಕಾ ದರ ಇದ್ದರೆ "ಇಲ್ಲಿ ಬರೀ ಗೋದಾಮು ಇತ್ತು" ಎಂಬ ಮಾತನ್ನು ನಂಬಬೇಕಾಗಿಲ್ಲ. ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಪರವಾನಗಿ, ಪಂಚಾಯಿತಿ ಅಥವಾ ಪಾಲಿಕೆಯ ವ್ಯಾಪಾರ ಪರವಾನಗಿ, ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ನಿವೇಶನವಾದರೆ ಹಂಚಿಕೆಯ ಕಡತ, ಇವೆಲ್ಲ ಏನು ತಯಾರಾಗುತ್ತಿತ್ತು ಎಂದು ಹೇಳುತ್ತವೆ.

ಕೊನೆಗೆ ಮನುಷ್ಯರು. ಎದುರಿನ ಚಹಾ ಅಂಗಡಿಯವರು, ಆ ಬೀದಿಯ ಹಳೆಯ ಲೈನ್‌ಮನ್, ಅಲ್ಲಿ ಕೂಲಿ ಮಾಡಿದವರು. ದಲ್ಲಾಳಿ ಜೊತೆಗಿಲ್ಲದ ದಿನ ಹೋಗಿ ಮಾತನಾಡಿಸಿ. ಒಮ್ಮೆ ಎಲ್ಲ ಕಾಗದವೂ ಶುದ್ಧವಾಗಿದ್ದ ಜಾಗದ ಬಗ್ಗೆ ಒಬ್ಬ ಅಜ್ಜಿ, "ಆ ಬಾವಿ ನೀರು ಕುಡಿದು ನಮ್ಮ ಎರಡು ಎಮ್ಮೆ ಸತ್ತಿದ್ದವು" ಎಂದರು. ಮುಚ್ಚಿದ್ದ ತೆರೆದ ಬಾವಿ ಅಲ್ಲಿತ್ತೆಂಬುದು ನಮಗೆ ಗೊತ್ತಾದದ್ದೇ ಆಗ.

ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಏನೆಂದು ಕೇಳಬೇಕು? ಹೋದರೆ ಕೊಡುತ್ತಾರೆಯೇ?

ಬಾಯಲ್ಲಿ ಕೇಳಿದರೆ ಸಿಗುವುದು ಕಷ್ಟ. ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಆ ವಲಯದ ಪ್ರಾದೇಶಿಕ ಕಚೇರಿಗೆ ಅರ್ಜಿ ಹಾಕಿ. ಉತ್ತರಕ್ಕೆ 30 ದಿನಗಳ ಗಡುವಿದೆ. "ಎಲ್ಲ ಮಾಹಿತಿ ಕೊಡಿ" ಎಂದು ಬರೆಯಬೇಡಿ. ಸರ್ವೆ ನಂಬರ್, ಘಟಕದ ಹೆಸರು ಬರೆದು ಬಿಡಿಬಿಡಿಯಾಗಿ ಕೇಳಿ: ಸ್ಥಾಪನೆಯ ಮತ್ತು ನಡೆಸುವ ಸಮ್ಮತಿಪತ್ರಗಳು, ತಪಾಸಣಾ ವರದಿಗಳು, ನೋಟಿಸುಗಳು, ಜಲ ಕಾಯ್ದೆಯ 33ಎ ಕಲಮಿನಡಿ ಮುಚ್ಚುವ ಆದೇಶವೇನಾದರೂ ಇದ್ದರೆ ಅದರ ಪ್ರತಿ, ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವಿವರ ಇರುವ ನಮೂನೆ 4, ತ್ಯಾಜ್ಯ ಸಾಗಿಸಿದ ದಾಖಲೆಯಾದ ನಮೂನೆ 10.

ಕೊನೆಯ ಎರಡನ್ನು ಪಕ್ಕಪಕ್ಕ ಇಟ್ಟು ಓದಿ. ವರ್ಷಕ್ಕೆ ಹತ್ತು ಟನ್ ತ್ಯಾಜ್ಯ ಹುಟ್ಟಿದೆ ಎಂದು ಬರೆದ ಘಟಕ ಮೂರೇ ಟನ್ ಹೊರಗೆ ಸಾಗಿಸಿದ್ದರೆ ಉಳಿದ ಏಳು ಟನ್ ಎಲ್ಲಿ ಹೋಯಿತು? ಬಹಳ ಸಲ ಅದು ನೀವು ಕೊಳ್ಳಲು ಹೊರಟ ಕಾಂಪೌಂಡಿನೊಳಗೇ ಇರುತ್ತದೆ.

ಜಾಗಕ್ಕೆ ಹೋದಾಗ ಕಣ್ಣಿಗೆ ಕಾಣುವ ಗುರುತುಗಳು ಯಾವುವು?

ಗೋಡೆಯ ಬುಡದಲ್ಲಿ ಹಳದಿ ಅಥವಾ ಹಸಿರು ಮಿಶ್ರಿತ ಹಳದಿ ಉಪ್ಪು ಹೂಬಿಟ್ಟಂತೆ ಕಂಡರೆ ಕ್ರೋಮಿಯಂ ಇರಬಹುದು. ಮಣ್ಣಿನಲ್ಲಿ ಕಪ್ಪು ಪ್ಲಾಸ್ಟಿಕ್ ಚೂರುಗಳು ಬೆರೆತಿದ್ದರೆ ಬ್ಯಾಟರಿ ಒಡೆದ ಜಾಗ. ಮಳೆಗಾಲದಲ್ಲೂ ಹುಲ್ಲು ಹುಟ್ಟದ ತುಂಡು ನೆಲ, ಹೊಸದಾಗಿ ಕಾಂಕ್ರೀಟ್ ಹಾಕಿದ ಒಂದೇ ಒಂದು ಚೌಕ, ಎಲ್ಲಿಗೂ ಸೇರದ ಚರಂಡಿ, ಮುಚ್ಚಿದ ಕೊಳವೆಬಾವಿಯ ಕೇಸಿಂಗ್, ಕಾಂಪೌಂಡಿನ ಹಿಂಬದಿ ಸಾಲಾಗಿ ನಿಂತ ತುಕ್ಕು ಡ್ರಮ್ಮುಗಳು. ಇವುಗಳಲ್ಲಿ ನಾನು ಮೊದಲು ಹುಡುಕುವುದು ಕೇಸಿಂಗ್ ಪೈಪನ್ನು. ಬತ್ತಿದ ಕೊಳವೆಬಾವಿಗೆ ತ್ಯಾಜ್ಯ ನೀರು ಬಿಡುವ ಕೆಟ್ಟ ಅಭ್ಯಾಸ ಇದೆ. ಅದು ನಂಜನ್ನು ನೇರವಾಗಿ ಅಂತರ್ಜಲದ ಬಾಯಿಗೆ ಹಾಕಿದಂತೆ.

ಮಳೆ ಬಂದ ಮರುದಿನ ಹೋಗುವುದು ಒಳ್ಳೆಯದು. ನಿಂತ ನೀರಿನ ಮೇಲೆ ಎಣ್ಣೆಯ ಬಣ್ಣ ತೇಲುತ್ತದೆ, ಬಿಸಿಲಿನಲ್ಲಿ ಅಡಗಿದ್ದ ವಾಸನೆ ಮೇಲೇಳುತ್ತದೆ. ಮಣ್ಣನ್ನು ಮೂಗಿನ ಹತ್ತಿರ ಹಿಡಿದು ಮೂಸಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ.

ಅಮೆರಿಕದಲ್ಲಿರುವ ತಮ್ಮ "ಫೇಸ್ ಒನ್ ವರದಿ ಮಾಡಿಸಿದೆಯಾ" ಎಂದು ಕೇಳುತ್ತಾನೆ. ಅದೇನು?

ಅಲ್ಲಿ ವಾಣಿಜ್ಯ ಜಾಗ ಕೊಳ್ಳುವಾಗ ಸಾಮಾನ್ಯವಾಗಿ ಮಾಡಿಸುವ ಮೊದಲ ಹಂತದ ಪರಿಶೀಲನೆ. ದಾಖಲೆ ಓದುವುದು, ಜಾಗ ನೋಡುವುದು, ಜನರನ್ನು ಮಾತನಾಡಿಸುವುದು ಇಷ್ಟೇ, ಮಣ್ಣು ಅಗೆಯುವುದಿಲ್ಲ. ಸಂಶಯ ಬಂದರೆ ಎರಡನೇ ಹಂತದಲ್ಲಿ ಕೊರೆದು ಪರೀಕ್ಷಿಸುತ್ತಾರೆ.

ಅದರ ಹಿಂದೆ ಒಂದು ನೋವಿನ ಕಥೆ ಇದೆ. ನಯಾಗರಾ ಫಾಲ್ಸ್ ನಗರದ ಲವ್ ಕೆನಾಲ್ ಎಂಬ ಕಾಲುವೆಯಲ್ಲಿ ಹೂಕರ್ ಕೆಮಿಕಲ್ ಕಂಪನಿ ಸುಮಾರು 21,000 ಟನ್ ರಾಸಾಯನಿಕ ತ್ಯಾಜ್ಯ ಹೂತು, 1953ರಲ್ಲಿ ಆ ಜಾಗವನ್ನು ಒಂದೇ ಒಂದು ಡಾಲರಿಗೆ ಶಾಲಾ ಮಂಡಳಿಗೆ ಬರೆದುಕೊಟ್ಟಿತು. ಒಳಗೆ ರಾಸಾಯನಿಕ ಇದೆ, ಮುಂದಿನ ಹಾನಿಗೆ ತಾನು ಹೊಣೆಯಲ್ಲ ಎಂದು ಪತ್ರದಲ್ಲೇ ಬರೆದಿತ್ತು. ಅದರ ಮೇಲೆ ಶಾಲೆ ಬಂತು, ಸುತ್ತ ಮನೆಗಳು ಬಂದವು. 1978ರಲ್ಲಿ ಅಧ್ಯಕ್ಷ ಕಾರ್ಟರ್ ಅಲ್ಲಿ ತುರ್ತುಪರಿಸ್ಥಿತಿ ಘೋಷಿಸಬೇಕಾಯಿತು. 1980ರಲ್ಲಿ ಬಂದ ಸೂಪರ್‌ಫಂಡ್ ಕಾಯ್ದೆ, ಮಾಲಿನ್ಯ ಮಾಡದೆ ಬರೀ ಜಾಗ ಕೊಂಡ ಈಗಿನ ಮಾಲೀಕನನ್ನೂ ಹೊಣೆಗಾರನನ್ನಾಗಿಸಿತು. ಆ ಹೊಣೆಯಿಂದ ತಪ್ಪಿಸಿಕೊಳ್ಳಲು ಕೊಳ್ಳುವ ಮೊದಲೇ ತಕ್ಕ ವಿಚಾರಣೆ ಮಾಡಿದ್ದೇನೆಂದು ತೋರಿಸಬೇಕು. ಫೇಸ್ ಒನ್ ವರದಿ ಬೆಳೆದದ್ದು ಹೀಗೆ.

ನಮ್ಮಲ್ಲಿ ಅದನ್ನು ಮಾಡಿಸಲೇಬೇಕೆಂಬ ಕಾನೂನಿಲ್ಲ. ವಿದೇಶಿ ಕಂಪನಿಗಳು ಬೆಂಗಳೂರಿನಲ್ಲಿ ಜಾಗ ಹಿಡಿಯುವಾಗ ತಪ್ಪದೆ ಮಾಡಿಸುತ್ತವೆ. ನಾವು ಏಕೆ ಮಾಡಿಸಬಾರದು?

## ಮಣ್ಣು, ನೀರು, ಪರೀಕ್ಷೆ

ಕೊಳವೆಬಾವಿ ನೀರನ್ನು ಬಿಸ್ಲೇರಿ ಬಾಟಲಿಗೆ ತುಂಬಿ ಲ್ಯಾಬಿಗೆ ಕೊಟ್ಟಿದ್ದೆ, ಕುಡಿಯಲು ಯೋಗ್ಯ ಎಂದು ಬಂತು. ಸಾಕಲ್ಲವೇ?

ಸಾಲದು. ಲ್ಯಾಬಿನವರು ನೀವು ಕೇಳಿದ್ದನ್ನು ಮಾತ್ರ ಅಳೆಯುತ್ತಾರೆ. ಸಾಮಾನ್ಯ ಪರೀಕ್ಷೆಯಲ್ಲಿ ಗಡಸುತನ, ಲವಣ, ನೈಟ್ರೇಟ್, ಫ್ಲೋರೈಡ್, ರೋಗಾಣು ಇರುತ್ತವೆ. ಪಕ್ಕದಲ್ಲಿ ಪ್ಲೇಟಿಂಗ್ ಘಟಕವಿದ್ದರೆ ಬೇಕಾದದ್ದು ಕ್ರೋಮಿಯಂ, ನಿಕಲ್, ಸೈನೈಡ್. ಬಂಕ್ ಇದ್ದರೆ ಬೆಂಜೀನ್. ಯಾವುದನ್ನು ಅಳೆಯಬೇಕೆಂದು ಹೇಳುವುದು ಜಾಗದ ಚರಿತ್ರೆ. ಕಾಗದದ ಕೆಲಸ ಮೊದಲು ಮುಗಿಸಿ ಎಂದು ನಾನು ಹಟ ಹಿಡಿಯುವುದು ಅದಕ್ಕೇ.

ತುಂಬುವ ರೀತಿಯೂ ಮುಖ್ಯ. ಪೈಪಿನಲ್ಲಿ ನಿಂತ ನೀರು ಹೋಗುವ ತನಕ ಪಂಪು ಓಡಿಸಬೇಕು. ಲೋಹದ ಪರೀಕ್ಷೆಗೆ ಬಾಟಲಿಗೆ ಆಮ್ಲ ಸೇರಿಸಬೇಕು, ಇಲ್ಲದಿದ್ದರೆ ಲೋಹ ಬಾಟಲಿಯ ಗೋಡೆಗೆ ಅಂಟಿ ಲೆಕ್ಕಕ್ಕೆ ಸಿಗುವುದಿಲ್ಲ. ಬೆಂಜೀನ್‌ನಂಥ ಹಾರಿಹೋಗುವ ವಸ್ತುಗಳಿಗೆ ಗಾಳಿಗುಳ್ಳೆ ಉಳಿಯದಂತೆ ಗಾಜಿನ ಸೀಸೆ ತುಂಬಿ ಮಂಜುಗಡ್ಡೆಯಲ್ಲಿ ಒಯ್ಯಬೇಕು. ಎನ್‌ಎಬಿಎಲ್ (ಪ್ರಯೋಗಾಲಯಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಪ್ರಯೋಗಾಲಯದವರೇ ಬಂದು ಮಾದರಿ ತೆಗೆದು, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಚೀಟಿ ಇಟ್ಟರೆ ಆ ವರದಿ ನಾಳೆ ನ್ಯಾಯಾಲಯದಲ್ಲೂ ನಿಲ್ಲುತ್ತದೆ.

ಪಕ್ಕದವರ ಬಾವಿ ಚೆನ್ನಾಗಿದೆ, ದೂರದ ನಮ್ಮ ಬಾವಿ ಹೇಗೆ ಕೆಟ್ಟಿತು?

ನಮ್ಮ ಬಯಲುಸೀಮೆಯ ನೆಲದಡಿ ಇರುವುದು ಕಗ್ಗಲ್ಲು. ಮೇಲೆ ಕೊಳೆತ ಕಲ್ಲಿನ ಪದರ, ಕೆಳಗೆ ಗಟ್ಟಿ ಬಂಡೆ, ಬಂಡೆಯಲ್ಲಿ ಬಿರುಕುಗಳು. ನೀರು ಹರಿಯುವುದು ಆ ಬಿರುಕುಗಳಲ್ಲೇ. ನಂಜೂ ಅದೇ ದಾರಿ ಹಿಡಿಯುತ್ತದೆ. ಬಿರುಕಿನ ಮೇಲೆ ಕೂತ ಬಾವಿ ಅರ್ಧ ಕಿಲೋಮೀಟರ್ ಆಚೆ ಇದ್ದರೂ ಕೆಡಬಹುದು, ಬಿರುಕು ತಾಗದ ಪಕ್ಕದ ಬಾವಿ ಉಳಿಯಬಹುದು. ಮೇಲಾಗಿ ಯಾರ ಪಂಪು ಹೆಚ್ಚು ಎಳೆಯುತ್ತದೆಯೋ ಅತ್ತ ನೀರು ತಿರುಗುತ್ತದೆ. ಪೆಟ್ರೋಲ್ ನೀರಿಗಿಂತ ಹಗುರ, ಮೇಲೆ ತೇಲುತ್ತದೆ. ಲೋಹದ ಬಿಡಿಭಾಗ ತೊಳೆಯುವ ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಭಾರ, ಬಿರುಕಿನಲ್ಲಿ ಇಳಿಯುತ್ತ ಹೋಗುತ್ತದೆ. ಆದ್ದರಿಂದ ಪಕ್ಕದ ಬಾವಿಯ ವರದಿಯನ್ನು ನಿಮ್ಮ ಬಾವಿಗೆ ಸಾಕ್ಷಿ ಎಂದು ಒಪ್ಪಿಕೊಳ್ಳಬೇಡಿ.

ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ ಎಂದು ಬಂದಿದೆ. ಯಾವ ಕಾರ್ಖಾನೆಯ ತಪ್ಪಿದು?

ಬಹುಶಃ ಯಾರದ್ದೂ ಅಲ್ಲ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫ್ಲೋರೈಡ್ ಬಂಡೆಯಿಂದಲೇ ಬರುತ್ತದೆ, ಬಾವಿ ಆಳಕ್ಕೆ ಹೋದಂತೆ ಹೆಚ್ಚುತ್ತದೆ. ರಾಯಚೂರು, ಯಾದಗಿರಿಯ ಚಿನ್ನದ ಶಿಲಾಪಟ್ಟಿಗಳ ಸುತ್ತ ಆರ್ಸೆನಿಕ್ ಕೂಡ ಬಂಡೆಯಲ್ಲೇ ಇದೆ. ಕುಡಿಯುವವರಿಗೆ ಅಪಾಯ ಒಂದೇ, ಹೊಣೆಯ ಪ್ರಶ್ನೆ ಮಾತ್ರ ಬೇರೆ. ಇದನ್ನು ಬಿಡಿಸಿ ನೋಡಲು ಕಾರ್ಖಾನೆಯ ಪ್ರಭಾವ ಇಲ್ಲದ ಮೇಲ್ಭಾಗದ ಬಾವಿಯೊಂದರ ನೀರನ್ನೂ ಜೊತೆಗೆ ಪರೀಕ್ಷಿಸುತ್ತೇವೆ.

ವರದಿಯ ಅಂಕಿ ಎಷ್ಟಿದ್ದರೆ ಕೆಟ್ಟದ್ದು?

ಕುಡಿಯುವ ನೀರಿಗೆ ಭಾರತೀಯ ಮಾನದಂಡ ಐಎಸ್ 10500 ಇದೆ. ಲೀಟರಿಗೆ ಸೀಸ 0.01 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 0.05, ಕ್ಯಾಡ್ಮಿಯಂ 0.003, ಪಾದರಸ 0.001, ನೈಟ್ರೇಟ್ 45, ಫ್ಲೋರೈಡ್ 1 ಮಿಲಿಗ್ರಾಂ (ಬೇರೆ ಮೂಲವಿಲ್ಲದಿದ್ದರೆ 1.5).

ಮಣ್ಣಿನ ವಿಷಯದಲ್ಲಿ ಉತ್ತರ ಇಷ್ಟು ಸರಳವಲ್ಲ. ಅಲ್ಲಿ ಮನೆ ಬರುತ್ತದೆಯೇ, ಗೋದಾಮೇ, ಮಕ್ಕಳು ಆಡುತ್ತಾರೆಯೇ, ಕೆಳಗೆ ನೀರು ಎಷ್ಟು ಆಳದಲ್ಲಿದೆ ಎಂಬುದರ ಮೇಲೆ ಮಿತಿ ಬದಲಾಗುತ್ತದೆ. ಕೊಡೈಕೆನಾಲ್‌ನಲ್ಲಿ 2001ರಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆಯ ಮಣ್ಣನ್ನು ಕಿಲೋಗೆ 20 ಮಿಲಿಗ್ರಾಂ ಪಾದರಸದ ಮಟ್ಟಕ್ಕೆ ಇಳಿಸಿದರೆ ಸಾಕೆಂದು ಗುರಿ ನಿಗದಿಯಾದಾಗ ಸ್ಥಳೀಯರು, ಹಳೆಯ ಕಾರ್ಮಿಕರು ಅದು ಸಾಲದೆಂದು ವರ್ಷಗಟ್ಟಲೆ ಹೋರಾಡಿದರು. ಕೆಳಗೆ ಶೋಲಾ ಕಾಡು, ಪಾಂಬಾರ್ ಹಳ್ಳ ಇವೆ ಎಂಬುದು ಅವರ ವಾದ. ನನಗೆ ಆ ವಾದದಲ್ಲಿ ನ್ಯಾಯ ಕಾಣುತ್ತದೆ.

ಮೇಲಿನ ಮೂರು ಅಡಿ ಮಣ್ಣು ತೆಗೆದು ಹೊಸ ಮಣ್ಣು ಹಾಕಿಸಿದರೆ ಮುಗಿಯಿತಲ್ಲವೇ?

ತೆಗೆದ ಮಣ್ಣನ್ನು ಎಲ್ಲಿ ಹಾಕುತ್ತೀರಿ? ಅದು ಅಪಾಯಕಾರಿ ತ್ಯಾಜ್ಯದ ವರ್ಗಕ್ಕೆ ಬಂದರೆ ದಾಬಸ್‌ಪೇಟೆಯಲ್ಲಿರುವಂಥ ಅಧಿಕೃತ ವಿಲೇವಾರಿ ಕೇಂದ್ರಕ್ಕೇ ದಾಖಲೆಯೊಂದಿಗೆ ಹೋಗಬೇಕು. ಲಾರಿಯವರಿಗೆ ದುಡ್ಡು ಕೊಟ್ಟು ಊರಾಚೆ ಸುರಿಸಿದರೆ ಅಲ್ಲಿಯ ತನಕ ನಿರಪರಾಧಿಯಾಗಿದ್ದ ನೀವೇ ಮಾಲಿನ್ಯ ಮಾಡಿದವರಾಗುತ್ತೀರಿ. ಇನ್ನೊಂದು ಹಳ್ಳಿಯ ಕೆರೆ ಕೆಡುತ್ತದೆ.

## ಹೊಣೆ ಯಾರದು?

ಕೆಡಿಸಿದವರು ಹಿಂದಿನ ಮಾಲೀಕರು. ನಾನೇಕೆ ಹೊಣೆ ಹೊರಬೇಕು?

ನಮ್ಮ ನ್ಯಾಯಾಲಯಗಳು ಹಿಡಿದಿರುವ ತತ್ವ ನಿಮ್ಮ ಪರವಾಗಿಯೇ ಇದೆ: ಮಾಲಿನ್ಯ ಮಾಡಿದವರೇ ತೆರಬೇಕು. ರಾಜಸ್ಥಾನದ ಉದಯಪುರದ ಬಳಿಯ ಬಿಛ್ರಿ ಗ್ರಾಮದಲ್ಲಿ ಎಚ್–ಆ್ಯಸಿಡ್ ಎಂಬ, ಬಣ್ಣ ತಯಾರಿಕೆಗೆ ಬಳಸುವ ರಾಸಾಯನಿಕ ತಯಾರಿಸಿದ ಘಟಕಗಳ ಕೆಸರಿನಿಂದ ಬಾವಿಗಳೆಲ್ಲ ಕೆಟ್ಟಾಗ, ಸುಪ್ರೀಂ ಕೋರ್ಟ್ 1996ರಲ್ಲಿ ಸ್ವಚ್ಛಗೊಳಿಸುವ ವೆಚ್ಚ ಆ ಉದ್ಯಮಿಗಳದ್ದೇ ಎಂದಿತು. ಅದೇ ವರ್ಷ ವೆಲ್ಲೂರು ಚರ್ಮೋದ್ಯಮ ಪ್ರಕರಣದಲ್ಲಿ ಜನರಿಗೆ ಪರಿಹಾರ ಕೊಡುವುದಷ್ಟೇ ಅಲ್ಲದೆ ಕೆಟ್ಟ ಪರಿಸರವನ್ನು ಮೊದಲಿನಂತೆ ಮಾಡುವ ಖರ್ಚೂ ಹೊಣೆಯಲ್ಲಿ ಸೇರುತ್ತದೆ ಎಂದಿತು. 2025ರ ಆಗಸ್ಟ್‌ನಲ್ಲಿ, ಮಾಲಿನ್ಯ ನಿಯಂತ್ರಣ ಮಂಡಳಿಗಳೇ ಇಂಥ ಪರಿಹಾರ ವಸೂಲಿಗೆ ಆದೇಶಿಸಬಹುದು ಎಂದೂ ಹೇಳಿದೆ.

ಆದರೆ ತತ್ವ ಗೆದ್ದರೂ ಕೈಗೆ ಹಣ ಬರಲು ಎಷ್ಟು ಕಾಲ? ಬಿಛ್ರಿಯಲ್ಲಿ ಉದ್ಯಮಿಗಳು ಕಟ್ಟದೆ ಎಳೆದಾಡಿದ್ದರಿಂದ 2011ರಲ್ಲಿ ಸುಪ್ರೀಂ ಕೋರ್ಟ್ 37.385 ಕೋಟಿ ರೂಪಾಯಿಯನ್ನು ಚಕ್ರಬಡ್ಡಿ ಸಮೇತ ಕಟ್ಟುವಂತೆ ಮತ್ತೆ ಆದೇಶಿಸಬೇಕಾಯಿತು. ಅಷ್ಟು ವರ್ಷ ಆ ನೆಲದ ಮೇಲೆ ಇದ್ದವರು ಅಲ್ಲಿಯ ಜನ.

ಇನ್ನೊಂದು ಎಳೆ ಇದೆ. 1986ರ ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ 'ಅಧಿಭೋಗದಾರ' ಎಂದರೆ ಜಾಗದ ನಿಯಂತ್ರಣ ಹೊಂದಿರುವವನು; ವಸ್ತುವಿನ ಮಟ್ಟಿಗೆ ಅದು ಯಾರ ವಶದಲ್ಲಿದೆಯೋ ಅವನು. ಡ್ರಮ್ಮುಗಳ ಸಮೇತ ಷೆಡ್ ಕೊಂಡರೆ ಡ್ರಮ್ಮಿನೊಳಗಿನದೂ ನಿಮ್ಮ ವಶಕ್ಕೆ ಬಂತು. ಅಪಾಯಕಾರಿ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಖಾಲಿ ಮಾಡಿಸಿಕೊಂಡ ಮೇಲೆಯೇ ನೋಂದಣಿಗೆ ಹೋಗಿ.

ಮಾರುವವರು ಗೊತ್ತಿದ್ದೂ ಮುಚ್ಚಿಟ್ಟರೆ?

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಂ ನಿಮ್ಮ ಆಸರೆ. ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ತಿಳಿಯದಂಥ ಮುಖ್ಯ ದೋಷವನ್ನು ಮಾರುವವರು ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ ಎಂದು ಅದೇ ಕಲಂ ಹೇಳುತ್ತದೆ. ಇಲ್ಲಿ "ಸಾಮಾನ್ಯ ಎಚ್ಚರಿಕೆ" ಎಂಬ ಮಾತು ಎರಡು ಅಲಗಿನದು. ನೀವು ಏನನ್ನೂ ನೋಡದೆ ಕೊಂಡಿದ್ದರೆ ಎದುರಿನ ವಕೀಲರು ಅದನ್ನೇ ಹಿಡಿಯುತ್ತಾರೆ.

ಮಲಿನ ಜಾಗಗಳಿಗೆ ಹೊಸ ನಿಯಮ ಬಂದಿದೆಯಂತೆ, ಹೌದೇ?

ಹೌದು. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಮಲಿನ ತಾಣಗಳ ನಿರ್ವಹಣೆಯ ನಿಯಮಗಳನ್ನು ಅಧಿಸೂಚಿಸಿತು. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಸಂಶಯಾಸ್ಪದ ಜಾಗಗಳ ವರದಿ ಕೊಡಬೇಕು; ರಾಜ್ಯ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರಿಶೀಲನೆ ಮಾಡಿಸಬೇಕು, ಆಮೇಲೆ ವಿವರವಾದ ಸಮೀಕ್ಷೆ. ಮಲಿನ ಎಂದು ಖಚಿತವಾದರೆ ಅದನ್ನು ಪ್ರಕಟಿಸಿ ಅಲ್ಲಿಗೆ ಓಡಾಟ ನಿರ್ಬಂಧಿಸಲಾಗುತ್ತದೆ. ವೆಚ್ಚ ಕೆಡಿಸಿದವರದು, ಅವರು ಸಿಗದಿದ್ದರೆ ಅಥವಾ ಅವರಿಗೆ ಶಕ್ತಿ ಇಲ್ಲದಿದ್ದರೆ ಕೇಂದ್ರ ಮತ್ತು ರಾಜ್ಯ ಭರಿಸಬೇಕು. ನಿಯಮ ಬಂದಾಗ ದೇಶದಲ್ಲಿ ಗುರುತಾಗಿದ್ದ ಮಲಿನ ತಾಣಗಳು 103, ಸ್ವಚ್ಛತೆಯ ಕೆಲಸ ಶುರುವಾಗಿದ್ದು ಏಳರಲ್ಲಿ.

ಗಣಿಗಾರಿಕೆ, ವಿಕಿರಣ ತ್ಯಾಜ್ಯ, ಸಮುದ್ರದ ತೈಲ ಸೋರಿಕೆ, ಊರ ಕಸದ ರಾಶಿಗಳಿಂದಾದ ಮಾಲಿನ್ಯವನ್ನು ಈ ನಿಯಮದಿಂದ ಹೊರಗಿಟ್ಟಿದ್ದಾರೆ. ಇದು ನನ್ನನ್ನು ಕಾಡುತ್ತದೆ. ಕೆಜಿಎಫ್‌ನಲ್ಲಿ 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೂ ಸೈನೈಡ್ ದಿಬ್ಬಗಳು ಊರ ನಡುವೆ ನಿಂತಿವೆ, ಬೇಸಿಗೆಯ ಗಾಳಿಗೆ ಅದರ ದೂಳು ಮನೆಗಳಿಗೆ ನುಗ್ಗುತ್ತದೆ. ಅಲ್ಲಿಯವರು ಬೇರೆ ಕಾನೂನುಗಳ ಬಾಗಿಲನ್ನೇ ತಟ್ಟಬೇಕು.

ಬ್ಯಾಂಕ್ ಹರಾಜಿನಲ್ಲಿ ಹಳೆಯ ಕಾರ್ಖಾನೆ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಲೇ?

ಹರಾಜು ಪ್ರಕಟಣೆಯಲ್ಲಿ "ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ" ಎಂಬ ಸಾಲು ಇದ್ದೇ ಇರುತ್ತದೆ. ಅದರ ಅರ್ಥ: ಆಮೇಲೆ ನಮ್ಮ ಬಳಿ ಬರಬೇಡಿ. ಹರಾಜಿಗೆ ಮೊದಲು ಸ್ಥಳ ಪರಿಶೀಲನೆಗೆ ದಿನ ಕೊಡುತ್ತಾರೆ, ಆ ದಿನವನ್ನು ಪೂರ್ತಿ ಬಳಸಿಕೊಳ್ಳಿ, ತಿಳಿದವರನ್ನು ಕರೆದೊಯ್ಯಿರಿ. ಮಂಡಳಿಯ ಕಡತ ಸಿಗದೆ ಬಿಡ್ ಹಾಕಬೇಡಿ. ಹಳೆಯ ಟ್ರಾನ್ಸ್‌ಫಾರ್ಮರ್ ಇದ್ದರೆ ಅದರ ಎಣ್ಣೆಯಲ್ಲಿ ಪಿಸಿಬಿ (ಪಾಲಿಕ್ಲೋರಿನೇಟೆಡ್ ಬೈಫಿನೈಲ್ ಎಂಬ ನಂಜಿನ ರಾಸಾಯನಿಕ) ಇದೆಯೇ ಎಂದು ಪರೀಕ್ಷಿಸಿ. ಭಾರತದಲ್ಲಿ ಅದರ ಬಳಕೆಗೆ 2025ರ ಡಿಸೆಂಬರ್ 31 ಕೊನೆಯ ದಿನವಾಗಿತ್ತು.

ಜಾಗ ಕೊಳ್ಳುವುದಕ್ಕೂ ಆ ಕಂಪನಿಯನ್ನೇ ಕೊಳ್ಳುವುದಕ್ಕೂ ವ್ಯತ್ಯಾಸವಿದೆಯೇ?

ಬಹಳ. ಷೇರು ಕೊಂಡರೆ ಕಂಪನಿ ಹಳೆಯದೇ, ಅದರ ಹಳೆಯ ಪಾಪವೂ ಅದರದ್ದೇ. ಹತ್ತು ವರ್ಷದ ಹಿಂದೆ ಮಾರಿಬಿಟ್ಟ ಬೇರೆ ಜಾಗದ ಮಾಲಿನ್ಯಕ್ಕೂ ಆ ಕಂಪನಿಗೆ ನೋಟಿಸು ಬರಬಹುದು. ಜಾಗ ಮಾತ್ರ ಕೊಂಡರೆ ಈ ಒಂದು ನೆಲದ ಕಥೆ ಮಾತ್ರ ನಿಮ್ಮ ಕಡೆಗೆ ಬರುತ್ತದೆ.

ನಾನು ಷೆಡ್ ಬಾಡಿಗೆಗೆ ಕೊಡುವವನು. ಬಾಡಿಗೆದಾರರು ಏನು ಮಾಡುತ್ತಾರೋ ನನಗೇನು?

ಅವರು ಬೀಗ ಹಾಕಿ ಹೋದ ಮೇಲೆ ನೆಲ ನಿಮ್ಮದೇ. ಒಳಗೆ ಬರುವ ಮೊದಲೇ ಮಣ್ಣು, ನೀರು ಪರೀಕ್ಷಿಸಿ ಇಬ್ಬರೂ ಸಹಿ ಹಾಕಿದ ಆರಂಭದ ವರದಿ ಇಟ್ಟುಕೊಳ್ಳಿ, ಹೋಗುವಾಗ ಮತ್ತೆ ಪರೀಕ್ಷಿಸಿ ಠೇವಣಿ ಹಿಂತಿರುಗಿಸಿ. ಇದು ಪ್ರಾಮಾಣಿಕ ಬಾಡಿಗೆದಾರರನ್ನೂ ಕಾಪಾಡುತ್ತದೆ: ಹಿಂದಿನವರ ಕೊಳೆ ಅವರ ತಲೆಗೆ ಬರುವುದಿಲ್ಲ. ಮಂಡಳಿಯ ಸಮ್ಮತಿಪತ್ರ ತೋರಿಸದೆ ಕೀಲಿ ಕೊಡಬೇಡಿ.

ಕರಾರಿನಲ್ಲಿ ಏನೇನು ಬರೆಸಬೇಕು?

ಹಿಂದಿನ ಬಳಕೆಯ ಬಗ್ಗೆ ಮಾರುವವರ ಸ್ಪಷ್ಟ ಹೇಳಿಕೆ: ಯಾವ ವರ್ಷದಿಂದ ಯಾವ ವರ್ಷಕ್ಕೆ ಯಾವ ಕೆಲಸ. ನೆಲದಡಿ ಟ್ಯಾಂಕು, ಗುಂಡಿ, ಮುಚ್ಚಿದ ಬಾವಿ ಇಲ್ಲ ಎಂಬ ಘೋಷಣೆ. ಪರೀಕ್ಷೆಗೆ ಅನುಮತಿ ಮತ್ತು ಕಾಲಾವಕಾಶ. ಫಲಿತಾಂಶ ಕೆಟ್ಟರೆ ಮುಂಗಡ ಪೂರ್ತಿ ವಾಪಸು. ಹಿಂದಿನ ಮಾಲಿನ್ಯಕ್ಕೆ ನೋಟಿಸು ಬಂದರೆ ವೆಚ್ಚ ಅವರದು ಎಂಬ ನಷ್ಟಭರ್ತಿ ಷರತ್ತು, ಸಾಧ್ಯವಾದರೆ ಬೆಲೆಯ ಒಂದು ಪಾಲನ್ನು ನಿಗದಿತ ಅವಧಿಗೆ ತಡೆಹಿಡಿಯುವ ಏರ್ಪಾಡು. ಬರೀ ನಷ್ಟಭರ್ತಿಯ ಮಾತನ್ನು ನಾನು ಹೆಚ್ಚು ನಂಬುವುದಿಲ್ಲ, ಮಾರಿದವರು ಊರು ಬಿಟ್ಟರೆ ಅದು ಕಾಗದ. ಪರೀಕ್ಷೆಯ ಷರತ್ತಿಗೆ ಮಾರುವವರು ಸಿಡಿಮಿಡಿಗೊಂಡರೆ ಅದನ್ನೇ ಒಂದು ಫಲಿತಾಂಶ ಎಂದು ಎಣಿಸಿ.

ಕೊಂಡು, ಮನೆ ಕಟ್ಟಿ ಆಗಿದೆ. ಈಗ ನೀರಿನಲ್ಲಿ ಕ್ರೋಮಿಯಂ ಬಂದಿದೆ. ಏನು ಮಾಡಲಿ?

ಮೊದಲು ಆ ನೀರನ್ನು ಕುಡಿಯುವುದಕ್ಕೆ, ಅಡುಗೆಗೆ ನಿಲ್ಲಿಸಿ. ಕುದಿಸಿದರೆ ಲೋಹ ಹೋಗುವುದಿಲ್ಲ, ಇನ್ನಷ್ಟು ಗಾಢವಾಗುತ್ತದೆ. ತರಕಾರಿ ಮಡಿಗೂ ಬಿಡಬೇಡಿ. ಮಾನ್ಯತೆ ಇರುವ ಇನ್ನೊಂದು ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಳ್ಳಿ. ಮನೆಯಲ್ಲಿ ಚಿಕ್ಕ ಮಕ್ಕಳು, ಬಸುರಿ ಹೆಂಗಸರು ಇದ್ದರೆ ವೈದ್ಯರಿಗೆ ವರದಿ ತೋರಿಸಿ.

ಆಮೇಲೆ ಮಂಡಳಿಯ ಪ್ರಾದೇಶಿಕ ಕಚೇರಿಗೆ ಮತ್ತು ಜಿಲ್ಲಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಮಾರಿದವರಿಗೆ ವಕೀಲರ ಮೂಲಕ ನೋಟಿಸು ಕಳಿಸಿ. ವಂಚನೆಯ ಪ್ರಕರಣಗಳಲ್ಲಿ ಕಾಲಮಿತಿಯ ಎಣಿಕೆ ಅದು ನಿಮಗೆ ತಿಳಿದ ದಿನದಿಂದ ಶುರುವಾಗುತ್ತದೆ, ಆ ದಿನಾಂಕಕ್ಕೆ ಪುರಾವೆ ಇಟ್ಟುಕೊಳ್ಳಿ. ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದಲ್ಲಿ ಪರಿಹಾರ ಮತ್ತು ಪುನಃಸ್ಥಾಪನೆ ಕೇಳಲು, ಕಾರಣ ಮೊದಲು ಹುಟ್ಟಿದ ದಿನದಿಂದ ಐದು ವರ್ಷ, ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಅವಕಾಶವಿದೆ. ಕರ್ನಾಟಕದ ಪ್ರಕರಣಗಳು ಚೆನ್ನೈನಲ್ಲಿರುವ ದಕ್ಷಿಣ ಪೀಠಕ್ಕೆ ಹೋಗುತ್ತವೆ.

ಮನೆಯ ಬೆಲೆ ಬಿದ್ದೀತೆಂದು ಹೆದರಿ ಬಹಳ ಜನ ಇದನ್ನು ನೆರೆಯವರಿಂದ ಮುಚ್ಚಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಮನೆಯ ದೂರಿಗಿಂತ ಇಡೀ ಬೀದಿಯ ದೂರಿಗೆ ಕಚೇರಿಯಲ್ಲಿ ಬೆಲೆ ಹೆಚ್ಚು. ಅದಕ್ಕೂ ಮೊದಲು, ಅದೇ ನೀರನ್ನು ಪಕ್ಕದ ಮನೆಯ ಮಗುವೂ ಇವತ್ತು ಸಂಜೆ ಕುಡಿಯುತ್ತದೆ.